ನಾಲ್ಕು ಸಾವಿರ ಬಣ್ಣ, ಮೂರೇ ಶಾಯಿ

ಪತ್ರಿಕೆಯಲ್ಲಿ ಅಚ್ಚಾದ ಯಾವುದಾದರೂ ವರ್ಣಚಿತ್ರದ ಮೇಲೆ ಭೂತಗನ್ನಡಿ ಹಿಡಿದು ನೋಡಿ. ದೂರದಿಂದ ಗದ್ದೆಯ ಹಸಿರಾಗಿ, ನಟಿಯ ಕೆನ್ನೆಯಾಗಿ ಕಂಡದ್ದು ಹತ್ತಿರದಿಂದ ಬರೀ ಚುಕ್ಕೆಗಳ ಜಾತ್ರೆ. ಹಸಿರು ಶಾಯಿ ಅಲ್ಲಿ ಎಲ್ಲೂ ಇಲ್ಲ. ಹಳದಿ ಚುಕ್ಕೆಗಳೂ ಆಕಾಶನೀಲಿ ಚುಕ್ಕೆಗಳೂ ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಕೂತು ಹಸಿರಿನ ಭ್ರಮೆ ಹುಟ್ಟಿಸಿವೆ. ಕೆನ್ನೆಯ ಬಣ್ಣದ ಶಾಯಿಯೂ ಇಲ್ಲ. ಆ ಬಣ್ಣ ಕೂಡಿಕೊಳ್ಳುವುದು ಕಾಗದದ ಮೇಲಲ್ಲ, ನೋಡುವವರ ಕಣ್ಣಿನಲ್ಲಿ.

ಕಣ್ಣಿಗೆ ಮಾಡುವ ಈ ಉಪಾಯ ಹಳೆಯದು. ಛಾಯಾಚಿತ್ರವನ್ನು ಚುಕ್ಕೆಗಳಾಗಿ ಒಡೆದು ಅಚ್ಚು ಹಾಕುವ 'ಹಾಫ್‌ಟೋನ್' ವಿಧಾನ ನ್ಯೂಯಾರ್ಕಿನ 'ಡೈಲಿ ಗ್ರಾಫಿಕ್' ದಿನಪತ್ರಿಕೆಯಲ್ಲಿ ಕಾಣಿಸಿಕೊಂಡದ್ದು 1880ರ ಮಾರ್ಚ್ 4ರಂದು. ಬಣ್ಣದ ಮುದ್ರಣವಂತೂ ದೊಡ್ಡ ಬಂಡವಾಳದ ಕಸುಬಾಗಿತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದಾಗ ಜರ್ಮನಿಯಿಂದ ಯಂತ್ರಗಳೂ ತಂತ್ರಜ್ಞರೂ ಬರಬೇಕಾಯಿತು. ಚಿತ್ರದ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಯಾವ ಬಣ್ಣ ಎಲ್ಲಿ ಎಷ್ಟು ಬೀಳಬೇಕೆಂದು ನಿರ್ಧರಿಸಲು ನುರಿತ ಕುಶಲಕರ್ಮಿಗಳು. ಹಾಗೆ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ಗೋಡೆ ಏರಿದರು. ಬಣ್ಣದ ಚಿತ್ರ ಮನೆಗೆ ಬರುತ್ತಿತ್ತೇ ಹೊರತು ಮನೆಯಲ್ಲಿ ಹುಟ್ಟುತ್ತಿರಲಿಲ್ಲ.

ಮನೆಯ ಮೇಜಿನ ಮೇಲೆಯೇ ಬಣ್ಣದ ಚಿತ್ರ ಹುಟ್ಟಿಸುವ ಆಸೆಗೆ ರೂಪ ಬಂದದ್ದು 1980ರ ದಶಕದ ನಡುವಿನಲ್ಲಿ, ಅಮೆರಿಕದಲ್ಲಿ. ಅದಕ್ಕೆ ಕಾರಣವಾದ ಯಂತ್ರಗಳಲ್ಲಿ ಎದ್ದು ಕಾಣುವುದು ಕಮಡೋರ್ ಕಂಪೆನಿಯ 'ಅಮಿಗಾ'. ಕ್ಯಾಮೆರಾದಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಕಾಗದಕ್ಕೆ ಚಿತ್ರವನ್ನು ಸಾಗಿಸುವುದು ಅಂದು ಸುಲಭದ ಮಾತಾಗಿರಲಿಲ್ಲ. ಹೆಜ್ಜೆಹೆಜ್ಜೆಗೂ ಏನನ್ನಾದರೂ ಬಿಟ್ಟುಕೊಡಬೇಕಿತ್ತು. ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂಬ ಈ ಚೌಕಾಸಿಯೇ ಮನೆಯ ಕಂಪ್ಯೂಟರಿನಲ್ಲಿ ವರ್ಣಚಿತ್ರ ನಡೆದು ಬಂದ ದಾರಿಯ ನಿಜವಾದ ಇತಿಹಾಸ.

ವೇದಿಕೆಯ ಮೇಲೆ ವಾರ್ಹಾಲ್

1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಅಮಿಗಾದ ಬಿಡುಗಡೆ ಸಮಾರಂಭ ನಡೆಯಿತು. ವೇದಿಕೆಗೆ ಬಂದವರು ಸೂಪಿನ ಡಬ್ಬಿಯನ್ನು ಕಲಾಕೃತಿಯಾಗಿಸಿ ಜಗತ್ಪ್ರಸಿದ್ಧರಾಗಿದ್ದ ಆಂಡಿ ವಾರ್ಹಾಲ್. ಜತೆಗೆ 'ಬ್ಲಾಂಡಿ' ವಾದ್ಯವೃಂದದ ಗಾಯಕಿ ಡೆಬ್ಬಿ ಹ್ಯಾರಿ. ವಿಡಿಯೊ ಕ್ಯಾಮೆರಾ ಮೂಲಕ ಹ್ಯಾರಿಯ ಮುಖ ಕಂಪ್ಯೂಟರಿನ ತೆರೆಯ ಮೇಲೆ ಮೂಡಿತು. ವಾರ್ಹಾಲ್ ಅದಕ್ಕೆ ಸಭಿಕರ ಎದುರೇ ಬಣ್ಣ ತುಂಬಿದರು.

ಸಭಿಕರಿಗೆ ಅದು ಏಕೆ ಬೆರಗು ಹುಟ್ಟಿಸಿತು ಎಂದು ತಿಳಿಯಲು ಅಂದಿನ ಉಳಿದ ಯಂತ್ರಗಳನ್ನು ನೋಡಬೇಕು. ಐಬಿಎಂ ಪಿಸಿಗೆ 1981ರಲ್ಲಿ ಬಂದ ಬಣ್ಣದ ಕಾರ್ಡು ಚಿತ್ರ ತೋರಿಸುವಾಗ ಒಂದು ಸಲಕ್ಕೆ ನಾಲ್ಕೇ ಬಣ್ಣ ಕೊಡುತ್ತಿತ್ತು. ಕಮಡೋರ್ ಕಂಪೆನಿಯದೇ ಆದ, 1982ರ 'ಕಮಡೋರ್ 64' ಯಂತ್ರದಲ್ಲಿ ಇದ್ದವು ಒಟ್ಟು 16 ಬಣ್ಣ, ಅವನ್ನು ಬದಲಿಸುವಂತಿರಲಿಲ್ಲ. 1984ರಲ್ಲಿ ಬಂದ ಆ್ಯಪಲ್ ಕಂಪೆನಿಯ ಮೆಕಿಂಟಾಶ್‌ನದು ಬರೀ ಕಪ್ಪು ಬಿಳುಪು. ಅಮಿಗಾ ತೋರಿಸಬಲ್ಲದ್ದು 4,096 ಬಣ್ಣ. ಬೆಲೆ, ತೆರೆಯನ್ನು ಬಿಟ್ಟು, 1,295 ಡಾಲರ್.

4,096 ಎಂಬ ಅಂಕಿ ಬಂದದ್ದು ಸರಳ ಗುಣಾಕಾರದಿಂದ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆಯಿಂದಲೇ ಟಿ.ವಿ. ತೆರೆಯ ಎಲ್ಲ ಬಣ್ಣಗಳೂ ಹುಟ್ಟುತ್ತವೆ. ಅಮಿಗಾದಲ್ಲಿ ಒಂದೊಂದು ಬೆಳಕಿಗೂ 16 ಮಟ್ಟಗಳಿದ್ದವು. 16ನ್ನು 16ರಿಂದ, ಮತ್ತೆ 16ರಿಂದ ಗುಣಿಸಿದರೆ 4,096. ಆದರೆ ಈ ಬಣ್ಣಗಳೆಲ್ಲ ಒಟ್ಟಿಗೆ ತೆರೆಯ ಮೇಲೆ ಬರುವಂತೆ ಮಾಡುವುದು ಬೇರೆಯೇ ಸಾಹಸ. ಅದಕ್ಕೆ ಮೊದಲು, ಮನೆಯಲ್ಲಿರುವ ಒಂದು ಚಿತ್ರವನ್ನು ಯಂತ್ರದೊಳಕ್ಕೆ ಸೇರಿಸುವುದು ಹೇಗೆ?

ತಿರುಗುವ ಬಣ್ಣದ ಚಕ್ರ

ಈ ಪ್ರಶ್ನೆಗೆ ಅಗ್ಗದ ಉತ್ತರ ಕೊಟ್ಟದ್ದು ಕ್ಯಾನ್ಸಸ್ ರಾಜ್ಯದ ಟೊಪೀಕಾ ಪಟ್ಟಣದ ಒಂದು ಪುಟ್ಟ ಕಂಪೆನಿ. ಟಿಮ್ ಜೆನಿಸನ್ 1985ರಲ್ಲಿ ಸ್ಥಾಪಿಸಿದ 'ನ್ಯೂಟೆಕ್' ಮರುವರ್ಷ 'ಡಿಜಿ-ವ್ಯೂ' ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಬೆಲೆ 199 ಡಾಲರ್. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆ. ಜತೆಗೆ ಕೆಂಪು, ಹಸಿರು, ನೀಲಿ ಗಾಜುಹಾಳೆಗಳನ್ನು ಕೂರಿಸಿದ ಒಂದು ಪ್ಲಾಸ್ಟಿಕ್ ಚಕ್ರ.

ಇದಕ್ಕೆ ಬೇಕಾದದ್ದು ಅಂಗಡಿ ಕಾವಲಿಗೆ ಬಳಸುವಂಥ ಸಾಧಾರಣ ಕಪ್ಪುಬಿಳುಪು ವಿಡಿಯೊ ಕ್ಯಾಮೆರಾ. ಚಿತ್ರವನ್ನು ಕ್ಯಾಮೆರಾದ ಕೆಳಗಿಟ್ಟು, ಕೆಂಪು ಗಾಜು ಮಸೂರದ ಎದುರು ಬರುವಂತೆ ಚಕ್ರ ತಿರುಗಿಸಬೇಕು. ಯಂತ್ರ ನಿಧಾನವಾಗಿ ಗೆರೆಗೆರೆಯಾಗಿ ಚಿತ್ರವನ್ನು ಓದಿಕೊಳ್ಳುತ್ತದೆ. ಬಳಿಕ ಹಸಿರು, ಆಮೇಲೆ ನೀಲಿ. ಮೂರು ಸಲ ತೆಗೆದ ಕಪ್ಪುಬಿಳುಪು ಚಿತ್ರಗಳನ್ನು ತಂತ್ರಾಂಶ ಒಂದರ ಮೇಲೊಂದು ಹೊಂದಿಸಿದಾಗ ಬಣ್ಣದ ಚಿತ್ರ ಸಿದ್ಧ.

ಈ ಉಪಾಯ ಜೆನಿಸನ್‌ಗಿಂತ ನೂರಿಪ್ಪತ್ತೈದು ವರ್ಷ ಹಿರಿಯದು. ಸ್ಕಾಟ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಚೌಕುಳಿಯ ರಿಬ್ಬನ್ನೊಂದರ ಚಿತ್ರವನ್ನು ಬಣ್ಣದಲ್ಲಿ ತೋರಿಸಿದ್ದು ಹೀಗೆಯೇ. ಅವರಿಗಾಗಿ ಥಾಮಸ್ ಸಟನ್ ಎಂಬ ಛಾಯಾಗ್ರಾಹಕ ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆ ಬೇರೆಯಾಗಿ ಚಿತ್ರ ತೆಗೆದಿದ್ದರು. ಮೂರು ದೀಪಗಳಿಂದ ಮೂರು ಬಣ್ಣದ ಬೆಳಕಿನಲ್ಲಿ ಅವನ್ನು ಒಂದೇ ತೆರೆಯ ಮೇಲೆ ಬೀಳಿಸಿದಾಗ ರಿಬ್ಬನ್ನಿನ ಬಣ್ಣ ಎದ್ದು ಬಂತು. ಮ್ಯಾಕ್ಸ್‌ವೆಲ್ ಮೂರು ದೀಪಗಳಿಂದ ಮಾಡಿದ್ದನ್ನು ಅಮಿಗಾ ಕೂಡುವ ಲೆಕ್ಕದಿಂದ ಮಾಡಿತು.

ಮೊದಲ ಚೌಕಾಸಿ ಇಲ್ಲೇ ಶುರು. ಮೂರು ಸಲ ತೆಗೆಯುವ ಹೊತ್ತಿಗೆ ಎದುರಿನ ವಸ್ತು ಕದಲಿದರೆ ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ. ಹೂದಾನಿ, ಹಣ್ಣಿನ ಬುಟ್ಟಿ, ಪುಸ್ತಕದ ಪುಟ ಸುಮ್ಮನಿರುತ್ತವೆ. ತೊಡೆಯ ಮೇಲಿನ ಮಗು ಸುಮ್ಮನಿರುವುದಿಲ್ಲ. ಹಾಗಾಗಿ ಮಗುವಿನ ಚಿತ್ರ ಬೇಕೆನ್ನುವವರು ಮೊದಲು ಸ್ಟುಡಿಯೊದಲ್ಲಿ ತೊಳೆಸಿದ ಫೋಟೊವನ್ನೇ ಕ್ಯಾಮೆರಾದ ಕೆಳಗಿಡಬೇಕಿತ್ತು. ಡಿಜಿ-ವ್ಯೂ ಪೆಟ್ಟಿಗೆ ಕಂಪ್ಯೂಟರಿನ ಹಿಂಬದಿಯಲ್ಲಿ ಸೇರುತ್ತಿದ್ದುದು ಪ್ರಿಂಟರಿಗೆಂದು ಬಿಟ್ಟಿದ್ದ ಕಿಂಡಿಯಲ್ಲಿ ಎಂಬುದು ಇನ್ನೊಂದು ಸ್ವಾರಸ್ಯ. ಚಿತ್ರ ಒಳಗೆ ಬರುವ ಬಾಗಿಲೂ ಹೊರಗೆ ಹೋಗುವ ಬಾಗಿಲೂ ಒಂದೇ. ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಬೇಕು.

'ಹೋದ ತಿಂಗಳದ್ದೇ, ಸಕ್ಕರೆ ಮಾತ್ರ ಜಾಸ್ತಿ'

ಒಳಗೆ ಬಂದ ಚಿತ್ರವನ್ನು ಇಡಲು ಜಾಗ ಬೇಕು. ಅಮಿಗಾದ ತೆರೆಯಲ್ಲಿ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆ, ಒಟ್ಟು 64,000. ಪ್ರತಿ ಚುಕ್ಕೆಯ ಬಣ್ಣವನ್ನೂ ಪೂರ್ತಿ ಬರೆದಿಡಲು 12 ಬಿಟ್ ಬೇಕು. ಆಗ ಒಂದು ಚಿತ್ರಕ್ಕೆ 96,000 ಬೈಟ್ ಆಗುತ್ತದೆ. ಮೊದಲ ಅಮಿಗಾದೊಳಗೆ ಇದ್ದ ಒಟ್ಟು ಮೆಮೊರಿಯೇ 256 ಕಿಲೊಬೈಟ್. ಅದರಲ್ಲೇ ತಂತ್ರಾಂಶವೂ ಇರಬೇಕು, ಉಳಿದ ಕೆಲಸವೂ ನಡೆಯಬೇಕು.

ಸಾಮಾನ್ಯ ಪರಿಹಾರವೆಂದರೆ ಬಣ್ಣಗಳ ಒಂದು ತಟ್ಟೆ ಇಟ್ಟುಕೊಳ್ಳುವುದು. 4,096ರಲ್ಲಿ ಬೇಕಾದ 32 ಬಣ್ಣಗಳನ್ನು ಆರಿಸಿ ತಟ್ಟೆಗೆ ಹಾಕಿಕೊಂಡು, ಪ್ರತಿ ಚುಕ್ಕೆಗೂ ತಟ್ಟೆಯ ಎಷ್ಟನೇ ಬಣ್ಣ ಎಂಬುದನ್ನಷ್ಟೇ ಬರೆದರೆ ಸಾಕು. ಆದರೆ ಆ 32 ಯಾವುವು? ಕೈಯಿಂದ ಬಿಡಿಸಿದ ಚಿತ್ರಕ್ಕಾದರೆ ಕಲಾವಿದರು ತಾವೇ ಆರಿಸಿಕೊಳ್ಳುತ್ತಾರೆ. ಕ್ಯಾಮೆರಾದಿಂದ ಬಂದ ಚಿತ್ರಕ್ಕೆ ಯಂತ್ರವೇ ಆರಿಸಬೇಕು. ಅದಕ್ಕೊಂದು ಪ್ರಸಿದ್ಧ ವಿಧಾನವನ್ನು ಪಾಲ್ ಹೆಕ್‌ಬರ್ಟ್ 1982ರಲ್ಲಿ ಪ್ರಕಟಿಸಿದ್ದರು. ಮತದಾರರ ಸಂಖ್ಯೆ ನೋಡಿ ಕ್ಷೇತ್ರ ವಿಂಗಡಿಸುವ ಕೆಲಸಕ್ಕೆ ಅದನ್ನು ಹೋಲಿಸಬಹುದು. ಚಿತ್ರದ ಎಲ್ಲ ಚುಕ್ಕೆಗಳನ್ನೂ ಬಣ್ಣದ ಪ್ರಕಾರ ಒಂದು ಪೆಟ್ಟಿಗೆಯಲ್ಲಿ ಹರಡಿ, ಎರಡೂ ಕಡೆ ಸಮ ಸಂಖ್ಯೆ ಬರುವಂತೆ ನಡುವೆ ಸೀಳುವುದು. ಸೀಳಿದ್ದನ್ನು ಮತ್ತೆ ಸೀಳುವುದು. ಬೇಕಾದಷ್ಟು ಕ್ಷೇತ್ರಗಳಾದ ಮೇಲೆ ಪ್ರತಿ ಕ್ಷೇತ್ರಕ್ಕೂ ಒಬ್ಬ ಪ್ರತಿನಿಧಿ, ಅಂದರೆ ಒಂದು ಬಣ್ಣ. ನ್ಯಾಯ ಸರಿಯೇ. ಆದರೆ ಸಂಖ್ಯೆಯಲ್ಲಿ ಕಡಿಮೆ ಇರುವವರ ಗತಿ ಇಲ್ಲೂ ಅಷ್ಟೆ. ಹಣೆಯ ಮೇಲಿನ ಪುಟ್ಟ ಕುಂಕುಮದ ಬೊಟ್ಟಿಗೆ ತನ್ನದೇ ಪ್ರತಿನಿಧಿ ಸಿಗದೆ ಅದು ಪಕ್ಕದ ಕಂದು ಬಣ್ಣದಲ್ಲಿ ಕರಗಿಹೋಗಬಹುದು.

ಅಮಿಗಾದಲ್ಲಿ ಇದಕ್ಕಿಂತ ಚತುರವಾದ ಇನ್ನೊಂದು ದಾರಿ ಇತ್ತು. ಅದರ ಹೆಸರು 'ಹೋಲ್ಡ್ ಆ್ಯಂಡ್ ಮಾಡಿಫೈ', ಚಿಕ್ಕದಾಗಿ 'ಹ್ಯಾಮ್'. ಹಿಂದಿನದನ್ನು ಹಿಡಿದುಕೋ, ಸ್ವಲ್ಪ ಬದಲಿಸು ಎಂದು ಅರ್ಥ. ದಿನಸಿ ಅಂಗಡಿಗೆ ಹೋಗಿ ಇಡೀ ಪಟ್ಟಿ ಓದುವ ಬದಲು 'ಹೋದ ತಿಂಗಳದ್ದೇ ಕೊಡಿ, ಸಕ್ಕರೆ ಮಾತ್ರ ಅರ್ಧ ಕೆ.ಜಿ. ಜಾಸ್ತಿ' ಎನ್ನುವುದಿಲ್ಲವೇ, ಹಾಗೆ. ಪ್ರತಿ ಚುಕ್ಕೆಗೂ ಆರೇ ಬಿಟ್. ಮೊದಲ ಎರಡು ಬಿಟ್ ಆಜ್ಞೆ: 16 ಬಣ್ಣಗಳ ತಟ್ಟೆಯಿಂದ ಹೊಸದಾಗಿ ತೆಗೆದುಕೋ, ಇಲ್ಲವೇ ಎಡಗಡೆಯ ಚುಕ್ಕೆಯ ಬಣ್ಣವನ್ನೇ ಇಟ್ಟುಕೊಂಡು ಕೆಂಪನ್ನೋ ಹಸಿರನ್ನೋ ನೀಲಿಯನ್ನೋ ಬದಲಿಸು. ಉಳಿದ ನಾಲ್ಕು ಬಿಟ್ ಎಷ್ಟು ಎಂಬುದನ್ನು ಹೇಳುತ್ತವೆ. ಒಂದು ಚಿತ್ರಕ್ಕೆ 48,000 ಬೈಟ್ ಸಾಕು. 4,096 ಬಣ್ಣಗಳಲ್ಲಿ ಯಾವುದು ಬೇಕಾದರೂ ಒಟ್ಟಿಗೆ ತೆರೆಗೆ ಬರಬಹುದು.

ಕೆನ್ನೆ, ಆಕಾಶ, ಸೇಬಿನ ಮೈ ಇವುಗಳಲ್ಲಿ ಬಣ್ಣ ಮೆಲ್ಲಮೆಲ್ಲನೆ ಬದಲಾಗುವುದರಿಂದ ಹ್ಯಾಮ್ ಅಲ್ಲಿ ಸೊಗಸಾಗಿ ದುಡಿಯುತ್ತಿತ್ತು. ಕಪ್ಪು ಕೂದಲು ಮುಗಿದು ಬೆಳ್ಳನೆಯ ಹಣೆ ಶುರುವಾಗುವ ಕಡೆ ಮಾತ್ರ ತೊಂದರೆ. ಒಂದು ಚುಕ್ಕೆಯಲ್ಲಿ ಬದಲಿಸಲು ಸಾಧ್ಯವಾದದ್ದು ಒಂದೇ ಬೆಳಕು. ಬೇಕಾದ ಬಣ್ಣ ತಟ್ಟೆಯಲ್ಲೂ ಇಲ್ಲದಿದ್ದರೆ ಕೆಂಪು, ಹಸಿರು, ನೀಲಿ ಮೂರನ್ನೂ ಸರಿಪಡಿಸುವಷ್ಟರಲ್ಲಿ ಮೂರು ಚುಕ್ಕೆ ಕಳೆದಿರುತ್ತಿತ್ತು. ಆ ಅಂಚಿನಲ್ಲಿ ಯಾರೂ ಕೇಳದ ಬಣ್ಣದ ಗೀರು ಮೂಡುತ್ತಿತ್ತು. ಜಾಗ ಉಳಿಸಿದ್ದಕ್ಕೆ ಅಂಚಿನ ಖಚಿತತೆಯೇ ಬೆಲೆ.

ಈ ಹ್ಯಾಮ್ ಉಳಿದುಕೊಂಡದ್ದೇ ಒಂದು ಆಕಸ್ಮಿಕ. ಅಮಿಗಾದ ಮುಖ್ಯ ವಿನ್ಯಾಸಕ ಜೇ ಮೈನರ್ ಮುಂದೆ ಹೇಳಿಕೊಂಡಂತೆ, ಇದರಿಂದ ಯಾರಿಗೂ ಉಪಯೋಗವಿಲ್ಲ ಎಂದು ಭಾವಿಸಿ ಚಿಪ್ಪಿನಿಂದ ಅದನ್ನು ತೆಗೆದುಹಾಕಲು ಅವರು ಸೂಚಿಸಿದ್ದರು. ತೆಗೆದರೆ ಚಿಪ್ಪಿನ ನಡುವೆ ದೊಡ್ಡ ಖಾಲಿ ಜಾಗ ಉಳಿಯುತ್ತದೆ, ಇಲ್ಲವೇ ಮತ್ತೆ ನಕ್ಷೆ ಹಾಕಲು ಮೂರು ತಿಂಗಳು ಬೇಕು ಎಂಬ ಉತ್ತರ ಬಂತು. ಅಷ್ಟು ಸಮಯ ಇರಲಿಲ್ಲ. ಹಾಗೆ ಉಳಿದದ್ದೇ ಅಮಿಗಾಕ್ಕೆ ಬಣ್ಣದ ವಿಷಯದಲ್ಲಿ ಮೇಲುಗೈ ತಂದುಕೊಟ್ಟಿತು. ತಮ್ಮ ಅಂದಾಜು ತಪ್ಪಿತ್ತೆಂದು ಮೈನರ್ ಅವರೇ ಒಪ್ಪಿಕೊಂಡರು.

ಬೆಳಕಿನಿಂದ ಶಾಯಿಗೆ

ತೆರೆಯ ಮೇಲೆ ಮೂಡಿದ ಚಿತ್ರ ವಿದ್ಯುತ್ ಹೋದರೆ ಮಾಯ. ಗೋಡೆಗೆ ಅಂಟಿಸಬೇಕಾದರೆ, ಅಂಚೆಯಲ್ಲಿ ಅಜ್ಜಿಗೆ ಕಳಿಸಬೇಕಾದರೆ ಅದು ಕಾಗದಕ್ಕೆ ಇಳಿಯಬೇಕು. ಕೋಣೆ ಕತ್ತಲು ಮಾಡಿ, ತೆರೆಯ ಎದುರು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಫೋಟೊ ತೆಗೆಯುವುದು ಒಂದು ದಾರಿ. ಬಣ್ಣದ ಪ್ರಿಂಟರ್ ಇನ್ನೊಂದು.

ಆದರೆ ತೆರೆಯ ಬಣ್ಣವೇ ಬೇರೆ, ಕಾಗದದ ಬಣ್ಣವೇ ಬೇರೆ. ತೆರೆ ಕತ್ತಲಿನಿಂದ ಶುರುವಾಗುತ್ತದೆ; ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿದಷ್ಟೂ ಬೆಳ್ಳಗಾಗುತ್ತದೆ. ಕಾಗದ ಬಿಳುಪಿನಿಂದ ಶುರುವಾಗುತ್ತದೆ. ಶಾಯಿ ಬಳಿದಷ್ಟೂ ಬೆಳಕು ಕಳೆಯುತ್ತದೆ. ಆದ್ದರಿಂದ ಮುದ್ರಣಕ್ಕೆ ಬೇಕಾದವು ಆ ಮೂರರ ವಿರುದ್ಧ ಬಣ್ಣಗಳು: ಕೆಂಪನ್ನು ಕಳೆಯುವ ಆಕಾಶನೀಲಿ, ಹಸಿರನ್ನು ಕಳೆಯುವ ರಾಣಿ ಬಣ್ಣ, ನೀಲಿಯನ್ನು ಕಳೆಯುವ ಹಳದಿ. ಮುದ್ರಕರು ಇವನ್ನು ಸಯಾನ್, ಮೆಜೆಂಟಾ, ಯೆಲ್ಲೊ ಎನ್ನುತ್ತಾರೆ.

ಅಂದಿನ ಪ್ರಿಂಟರಿಗೆ ಶಾಯಿಯ ಚುಕ್ಕೆ ಇಡುವುದು ಇಲ್ಲವೇ ಇಡದಿರುವುದು, ಇವೆರಡೇ ಗೊತ್ತು. ತೆಳುವಾಗಿ ಬಳಿಯುವುದು ಗೊತ್ತಿಲ್ಲ. ಮೂರು ಶಾಯಿ, ಇದೆ ಅಥವಾ ಇಲ್ಲ. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಬಿಳಿ, ಹಳದಿ, ರಾಣಿ ಬಣ್ಣ, ಆಕಾಶನೀಲಿ, ಇವುಗಳ ಜೋಡಿಯಿಂದ ಕೆಂಪು, ಹಸಿರು, ನೀಲಿ, ಮೂರೂ ಸೇರಿದರೆ ಕಪ್ಪು. ತೆರೆಯ 4,096 ಬಣ್ಣ ಕಾಗದದ ಹೊಸ್ತಿಲಲ್ಲಿ ಎಂಟಕ್ಕೆ ಇಳಿಯುತ್ತಿತ್ತು.

ಉಳಿದದ್ದನ್ನು ಕಣ್ಣಿಗೇ ಬಿಟ್ಟುಕೊಡಬೇಕು. ತೆರೆಯ ಒಂದು ಚುಕ್ಕೆಗೆ ಕಾಗದದಲ್ಲಿ ಮೂರು ಅಡ್ಡ, ಮೂರು ಉದ್ದ, ಒಟ್ಟು ಒಂಬತ್ತು ಚುಕ್ಕೆಗಳ ಚೌಕ ಮೀಸಲಿಟ್ಟರೆ, ಪ್ರತಿ ಶಾಯಿಯನ್ನೂ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಮಟ್ಟಗಳಲ್ಲಿ ಕೊಡಬಹುದು. ಹತ್ತು ಗುಣಿಲೆ ಹತ್ತು ಗುಣಿಲೆ ಹತ್ತು, ಸಾವಿರ ಛಾಯೆ. ಎರಡಕ್ಕೆರಡರ ಚೌಕವಾದರೆ ಐದೈದು ಮಟ್ಟ, 125 ಛಾಯೆ ಮಾತ್ರ. ಆದರೆ ಚಿತ್ರ ಹೆಚ್ಚು ನಯ. ಛಾಯೆ ಬೇಕೆಂದರೆ ಸೂಕ್ಷ್ಮತೆ ಬಿಡಬೇಕು, ಸೂಕ್ಷ್ಮತೆ ಬೇಕೆಂದರೆ ಛಾಯೆ ಬಿಡಬೇಕು. ಎರಡೂ ಒಟ್ಟಿಗೆ ಸಿಗದು.

ಇದ್ದುದರಲ್ಲಿ ಜಾಣತನದ ದಾರಿ ಕಂಡುಹಿಡಿದವರು ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿಸ್ ಸ್ಟೈನ್‌ಬರ್ಗ್. 1976ರಲ್ಲಿ ಪ್ರಕಟವಾದ ಅವರ ವಿಧಾನವನ್ನು ಸಾಲದ ಲೆಕ್ಕ ಎನ್ನಬಹುದು. ಸೊನ್ನೆ ಎಂದರೆ ಕಪ್ಪು, 255 ಎಂದರೆ ಬಿಳಿ ಎಂದಿಟ್ಟುಕೊಳ್ಳಿ. ಒಂದು ಚುಕ್ಕೆಯ ಬೆಳಕು 100 ಇರಬೇಕು. ಆದರೆ ಇಡಲು ಸಾಧ್ಯವಿರುವುದು ಕಪ್ಪು ಇಲ್ಲವೇ ಬಿಳಿ. 100 ಕಪ್ಪಿಗೆ ಹತ್ತಿರ, ಆದ್ದರಿಂದ ಕಪ್ಪು. ಆಗ 100ರಷ್ಟು ಬೆಳಕು ಬಾಕಿ ಉಳಿಯಿತು. ಈ ಬಾಕಿಯನ್ನು ನೆರೆಯವರಿಗೆ ಹಂಚಬೇಕು: ಹದಿನಾರರಲ್ಲಿ ಏಳು ಪಾಲು ಬಲಗಡೆಯ ಚುಕ್ಕೆಗೆ, ಐದು ಪಾಲು ನೇರ ಕೆಳಗಿನದಕ್ಕೆ, ಮೂರು ಪಾಲು ಕೆಳಗಿನ ಎಡಕ್ಕೆ, ಒಂದು ಪಾಲು ಕೆಳಗಿನ ಬಲಕ್ಕೆ. ಅಂದರೆ ಸುಮಾರು 44, 31, 19, 6. ಬಲಗಡೆಯ ಚುಕ್ಕೆಯೂ 100 ಇದ್ದರೆ ಈಗ ಅದು 144. ಬಿಳಿಗೆ ಹತ್ತಿರ, ಆದ್ದರಿಂದ ಬಿಳಿ. ಈ ಸಲ 111 ಹೆಚ್ಚಾಯಿತು. ಅದನ್ನು ಮುಂದಿನವರಿಂದ ಕಳೆಯಬೇಕು. ಪ್ರತಿ ಚುಕ್ಕೆಯೂ ಸುಳ್ಳು, ಆದರೆ ಒಟ್ಟು ಲೆಕ್ಕ ಸರಿ. ಬಣ್ಣದ ಚಿತ್ರದಲ್ಲಿ ಇದೇ ಲೆಕ್ಕವನ್ನು ಮೂರು ಶಾಯಿಗಳಿಗೂ ಬೇರೆ ಬೇರೆಯಾಗಿ ಮಾಡಬೇಕು.

1988ರ ಸುಮಾರಿಗೆ ಬಂದ ಅಮಿಗಾದ 'ವರ್ಕ್‌ಬೆಂಚ್ 1.3' ತಂತ್ರಾಂಶದಲ್ಲಿ ಚಿತ್ರ ಮುದ್ರಿಸುವವರಿಗೆ ಈ ವಿಷಯದಲ್ಲಿ ಮೂರು ಆಯ್ಕೆಗಳಿದ್ದವು. ಕ್ರಮಬದ್ಧ ಚುಕ್ಕೆಗಳು, ಪತ್ರಿಕೆಯ ರೀತಿಯ ಹಾಫ್‌ಟೋನ್, ಇಲ್ಲವೇ ಫ್ಲಾಯ್ಡ್-ಸ್ಟೈನ್‌ಬರ್ಗ್. ಮುದ್ರಣಾಲಯದ ಕುಶಲಕರ್ಮಿ ಮಾಡುತ್ತಿದ್ದ ತೀರ್ಮಾನ ಈಗ ಮನೆಯವರ ಪಾಲಿಗೆ ಬಂದಿತ್ತು.

ಕೊಳೆಯಾಗುವ ಹಳದಿ

ಲೆಕ್ಕ ಎಷ್ಟೇ ಸರಿಯಿದ್ದರೂ ಕೊನೆಗೆ ಕೆಲಸ ಮಾಡಬೇಕಾದದ್ದು ಯಂತ್ರ. ಅಮಿಗಾದ ಜತೆ ಬರುತ್ತಿದ್ದ ಪ್ರಿಂಟರ್ ಪಟ್ಟಿಯಲ್ಲಿ ಬಣ್ಣದ ಪ್ರಿಂಟರುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಎಪ್ಸನ್ ಕಂಪೆನಿಯ 'ಜೆಎಕ್ಸ್-80', ಓಕಿಡೇಟಾದ 'ಓಕಿಮೇಟ್ 20' ಸೇರಿದ್ದವು.

ಎಪ್ಸನ್ನಿನದು ಟೈಪ್‌ರೈಟರಿನ ವಂಶ. ಸೂಜಿಗಳು ರಿಬ್ಬನ್ನಿಗೆ ಬಡಿದು ಕಾಗದದ ಮೇಲೆ ಚುಕ್ಕೆ ಮೂಡಿಸುತ್ತವೆ. ರಿಬ್ಬನ್ನಿನಲ್ಲಿ ಉದ್ದಕ್ಕೂ ನಾಲ್ಕು ಬಣ್ಣದ ಪಟ್ಟಿ. ಬೇಕಾದ ಪಟ್ಟಿ ಎದುರು ಬರುವಂತೆ ರಿಬ್ಬನ್ ಮೇಲೆ ಕೆಳಗೆ ಸರಿಯುತ್ತದೆ. ಆ್ಯಪಲ್ ಕಂಪೆನಿಯ 1985ರ 'ಇಮೇಜ್‌ರೈಟರ್ 2' ಕೂಡ ಇದೇ ಬಗೆಯದು. ಇಂಥ ರಿಬ್ಬನ್ನಿಗೆ ಒಂದು ಹುಟ್ಟುರೋಗ. ಕಾಗದದ ಮೇಲೆ ಆಗಲೇ ಬಿದ್ದ ಹಸಿ ಗಾಢ ಶಾಯಿಯ ಮೇಲೆ ಹಳದಿ ಪಟ್ಟಿ ಬಡಿದರೆ ಆ ಶಾಯಿ ಹಳದಿಗೇ ಅಂಟಿಕೊಳ್ಳುತ್ತದೆ. ಕೆಲವು ಚಿತ್ರಗಳಾದ ಮೇಲೆ ಹಳದಿ ಕೊಳೆಯಾಗಿ, ಸೂರ್ಯಕಾಂತಿ ಹೂವು ಕೆಸರು ಮೆತ್ತಿದಂತೆ ಕಾಣುತ್ತದೆ. ಅದಕ್ಕೇ ಮೊದಲು ಹಳದಿ, ಕೊನೆಗೆ ಕಪ್ಪು ಎಂಬ ಕ್ರಮ. ಆದರೂ ರೋಗ ಪೂರ್ತಿ ವಾಸಿಯಾಗುತ್ತಿರಲಿಲ್ಲ.

ಓಕಿಮೇಟ್ ಬೇರೆ ದಾರಿ ಹಿಡಿಯಿತು. ಅದರ ರಿಬ್ಬನ್ನಿಗೆ ಮೇಣದಂಥ ಶಾಯಿ ಲೇಪಿಸಿತ್ತು. ಮುದ್ರಣದ ತಲೆ ಬಿಸಿಯಾಗಿ ಶಾಯಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತಿತ್ತು. ಮೂರು ಬಣ್ಣಗಳ ತುಂಡುಗಳು ರಿಬ್ಬನ್ನಿನಲ್ಲಿ ಒಂದಾದ ಮೇಲೊಂದು ಬರುತ್ತವೆ. ಪ್ರತಿ ಸಾಲಿನ ಮೇಲೂ ತಲೆ ಮೂರು ಸಲ ಓಡುತ್ತದೆ. ಬಣ್ಣ ಹೊಳೆಯುತ್ತಿತ್ತು, ಹಳದಿಗೆ ಕೊಳೆ ಇಲ್ಲ. ಆದರೆ ಒಮ್ಮೆ ಬಳಸಿದ ರಿಬ್ಬನ್ ಮತ್ತೆ ಬಾರದು. ಚಿತ್ರದಲ್ಲಿ ಹಳದಿ ಒಂದಿಷ್ಟೇ ಇದ್ದರೂ ಆ ಸಾಲಿನ ಹಳದಿ ತುಂಡು ಖರ್ಚಾದಂತೆಯೇ. ಕಾಗದವೂ ನುಣುಪಾಗಿರಬೇಕು, ತರಿತರಿಯಾದರೆ ಶಾಯಿ ಸರಿಯಾಗಿ ಅಂಟದು. ಒಂದು ಪುಟಕ್ಕಾಗಿ ಹಲವು ನಿಮಿಷ ಕಾಯಬೇಕು. ಕಾದು ತೆಗೆದ ಪುಟದಲ್ಲಿ ತೆರೆಯ ತಿಳಿನೀಲಿ ಆಕಾಶ ನೇರಳೆಗೆ ತಿರುಗಿದ್ದರೆ ಆಯ್ಕೆಗಳನ್ನು ಬದಲಿಸಿ, ಇನ್ನೊಂದಿಷ್ಟು ರಿಬ್ಬನ್ ಸುಟ್ಟು, ಮತ್ತೆ ಮೊದಲಿನಿಂದ.

ಶಾಯಿ ಸಿಂಪಡಿಸುವ ಪ್ರಿಂಟರುಗಳು ಈ ಗೋಳನ್ನು ಕ್ರಮೇಣ ತಗ್ಗಿಸಿದವು. 1987ರಲ್ಲಿ ಎಚ್‌ಪಿ ಕಂಪೆನಿಯ 'ಪೇಂಟ್‌ಜೆಟ್' ಅಂಗುಲಕ್ಕೆ 180 ಚುಕ್ಕೆಗಳ ಸಾಮರ್ಥ್ಯದೊಂದಿಗೆ ಬಂತು; ಬೆಲೆ 1,395 ಡಾಲರ್, ಅಮಿಗಾಕ್ಕಿಂತಲೂ ಹೆಚ್ಚು. 1991ರ 'ಡೆಸ್ಕ್‌ಜೆಟ್ 500ಸಿ'ಯಲ್ಲಿ ಬಣ್ಣದ ಡಬ್ಬಿ ಇಲ್ಲವೇ ಕಪ್ಪು ಡಬ್ಬಿ, ಒಂದು ಸಲಕ್ಕೆ ಒಂದಕ್ಕೇ ಜಾಗ. ಮೂರು ಬಣ್ಣ ಬೆರೆಸಿ ಮಾಡಿದ ಕಪ್ಪು ಪೂರ್ತಿ ಕಪ್ಪಾಗುತ್ತಿರಲಿಲ್ಲ. 1994ರಲ್ಲಿ ಎಪ್ಸನ್ನಿನ 'ಸ್ಟೈಲಸ್ ಕಲರ್' ಅಂಗುಲಕ್ಕೆ 720 ಚುಕ್ಕೆಯವರೆಗೆ ಹೋದಾಗ ಮನೆಯಲ್ಲಿ ಅಚ್ಚಾದ ಚಿತ್ರ ಫೋಟೊದ ಹತ್ತಿರ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕಮಡೋರ್ ಕಂಪೆನಿ ದಿವಾಳಿಯಾಯಿತು.

ಉಳಿದ ಚಿತ್ರ, ಕಳೆದ ಚಿತ್ರ

ಯಂತ್ರ ಹೋದ ಮೇಲೆ ಅದರಲ್ಲಿ ಮಾಡಿದ ಚಿತ್ರಗಳ ಗತಿಯೇನು? ಇಲ್ಲಿ ನೆನೆಯಬೇಕಾದದ್ದು 1985ರಲ್ಲೇ ನಡೆದ ಒಂದು ಸದ್ದಿಲ್ಲದ ಕೆಲಸವನ್ನು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯ ಜೆರ್ರಿ ಮಾರಿಸನ್, ಕಮಡೋರ್ ಸಹಕಾರದೊಂದಿಗೆ, 'ಐಎಫ್‌ಎಫ್' ಎಂಬ ಕಡತ ಪದ್ಧತಿ ರೂಪಿಸಿದರು. ಚಿತ್ರದ ಅಗಲ ಎಷ್ಟು, ಎತ್ತರ ಎಷ್ಟು, ತಟ್ಟೆಯಲ್ಲಿ ಯಾವ ಬಣ್ಣಗಳಿವೆ, ಚುಕ್ಕೆಗಳು ಹೇಗೆ ಜೋಡಣೆಯಾಗಿವೆ ಎಂಬುದೆಲ್ಲ ಕಡತದೊಳಗೇ ಹೆಸರಿಟ್ಟ ಖಾನೆಗಳಲ್ಲಿ ಇರಬೇಕು. ಆ ನಿಯಮಗಳು ಎಲ್ಲರಿಗೂ ತಿಳಿದಿರಬೇಕು. ಡ್ಯಾನ್ ಸಿಲ್ವಾ ಬರೆದ ಜನಪ್ರಿಯ 'ಡೀಲಕ್ಸ್ ಪೇಂಟ್' ತಂತ್ರಾಂಶ ಇದನ್ನೇ ಬಳಸಿತು. ಹೀಗಾಗಿ ಒಂದು ತಂತ್ರಾಂಶದಲ್ಲಿ ಹುಟ್ಟಿದ ಚಿತ್ರ ಇನ್ನೊಂದರಲ್ಲಿ ತೆರೆಯಿತು, ಮತ್ತೊಂದರಿಂದ ಅಚ್ಚಾಯಿತು. 1987ರ ಜೂನ್‌ನಲ್ಲಿ ಕಂಪ್ಯುಸರ್ವ್ ಕಂಪೆನಿ ಹೊರತಂದ, 256 ಬಣ್ಣಗಳ 'ಜಿಫ್' ಪದ್ಧತಿ ಬೇರೆ ಬೇರೆ ಕಂಪೆನಿಗಳ ಯಂತ್ರಗಳ ನಡುವೆಯೂ ಚಿತ್ರ ದಾಟಿಸಿತು. ಈ ಎರಡೂ ಬಗೆಯ ಕಡತಗಳನ್ನು ಇಂದಿಗೂ ತೆರೆಯಬಹುದು.

ವಾರ್ಹಾಲ್ ಅವರ ಚಿತ್ರಗಳಿಗೆ ಈ ಭಾಗ್ಯ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಇನ್ನೂ ಪೂರ್ತಿ ಸಿದ್ಧವಾಗಿರದ ತಂತ್ರಾಂಶಗಳು. ಚಿತ್ರಗಳು ಉಳಿದದ್ದು ಹೊರಗಿನವರಿಗೆ ತಿಳಿಯದ ರೂಪದಲ್ಲಿ. 1987ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಫ್ಲಾಪಿಗಳು ಪಿಟ್ಸ್‌ಬರ್ಗಿನ ವಾರ್ಹಾಲ್ ವಸ್ತುಸಂಗ್ರಹಾಲಯ ಸೇರಿದವು. ಬಿಡುಗಡೆ ಸಮಾರಂಭದ ಹಳೆಯ ವಿಡಿಯೊ ನೋಡಿ ಕುತೂಹಲಗೊಂಡ ಕಲಾವಿದ ಕೋರಿ ಆರ್ಕೇಂಜಲ್ ಆ ಚಿತ್ರಗಳೇನಾದವು ಎಂದು ವಿಚಾರಿಸಿದಾಗಲೇ ಹುಡುಕಾಟ ಶುರುವಾದದ್ದು. ಅದೇ ಊರಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಫ್ಲಾಪಿಗಳನ್ನು ಜೋಪಾನವಾಗಿ ಓದಿ, ಕಡತದ ರಚನೆಯನ್ನು ಒಗಟು ಬಿಡಿಸಿದಂತೆ ಬಿಡಿಸಿ, ಚಿತ್ರಗಳನ್ನು ಹೊರತೆಗೆದರು. 2014ರಲ್ಲಿ ಅವು ಪ್ರಕಟವಾದವು. ಸೂಪಿನ ಡಬ್ಬಿ ಇತ್ತು. ಮೂರನೆಯ ಕಣ್ಣು ಬಂದ ಬಾಟಿಚೆಲ್ಲಿಯ ವೀನಸ್ ಇದ್ದಳು. ಜಗತ್ಪ್ರಸಿದ್ಧ ಕಲಾವಿದನ ಚಿತ್ರಗಳಾದ್ದರಿಂದ ಅಷ್ಟು ಜನ ಸೇರಿ ಶ್ರಮಪಟ್ಟರು. ಸಾಮಾನ್ಯರ ಮನೆಯ ಮಗುವಿನ ಚಿತ್ರಕ್ಕೆ ಯಾರು ಶ್ರಮಪಡುತ್ತಾರೆ? ಅದು ಉಳಿಯಬೇಕಾದರೆ ಎಲ್ಲರಿಗೂ ತಿಳಿದ ರೂಪದಲ್ಲೇ ಉಳಿಯಬೇಕು.

ಕೇಳದೆ ನಡೆಯುವ ಚೌಕಾಸಿ

ಅಮಿಗಾದ ಒಂದು ಹ್ಯಾಮ್ ಚಿತ್ರಕ್ಕೆ 48,000 ಬೈಟ್. ಇಂದಿನ ಮೊಬೈಲಿನ 1.2 ಕೋಟಿ ಚುಕ್ಕೆಗಳ ಒಂದು ಫೋಟೊವನ್ನು ಏನೂ ಬಿಡದೆ ಬರೆದಿಟ್ಟರೆ 3.6 ಕೋಟಿ ಬೈಟ್, ಅಂದರೆ 750 ಪಟ್ಟು. ಇಷ್ಟಾದರೂ ಹಳೆಯ ಚೌಕಾಸಿ ನಿಂತಿಲ್ಲ. ಅನೇಕ ಮೊಬೈಲ್ ಕ್ಯಾಮೆರಾಗಳ ಪ್ರತಿ ಚುಕ್ಕೆಯ ಮೇಲೂ ಕೆಂಪು, ಹಸಿರು, ನೀಲಿಯಲ್ಲಿ ಒಂದೇ ಬಣ್ಣದ ಶೋಧಕವಿದೆ. ಉಳಿದೆರಡನ್ನು ನೆರೆಯ ಚುಕ್ಕೆಗಳಿಂದ ಊಹಿಸಿ ತುಂಬಲಾಗುತ್ತದೆ. ಡಿಜಿ-ವ್ಯೂದ ಚಕ್ರ ತಿರುಗುವುದನ್ನು ಬಿಟ್ಟು ಚುಕ್ಕೆಚುಕ್ಕೆಯ ಮೇಲೂ ಕೂತಿದೆ ಎನ್ನಬಹುದು. ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದ ಕೊಡಾಕ್ ಕಂಪೆನಿಯ ಬ್ರೈಸ್ ಬೇಯರ್, ಕಪ್ಪುಬಿಳುಪು ಚುಕ್ಕೆಗಳಿಂದ ಛಾಯೆ ಹುಟ್ಟಿಸುವ ಕ್ರಮಬದ್ಧ ವಿಧಾನವನ್ನೂ 1973ರಲ್ಲಿ ಕೊಟ್ಟವರು. ಅಂದರೆ ಚಿತ್ರ ಒಳಬರುವ ಬಾಗಿಲಿನಲ್ಲೂ ಹೊರಹೋಗುವ ಬಾಗಿಲಿನಲ್ಲೂ ಒಬ್ಬರದೇ ಕೈಚಳಕ.

ತೆಗೆದ ಫೋಟೊವನ್ನು 1992ರಲ್ಲಿ ಮಾನಕವಾದ 'ಜೆಪೆಗ್' ಪದ್ಧತಿಯಲ್ಲಿ ಇಡುವಾಗ ಕಣ್ಣು ಗಮನಿಸದು ಎಂದು ಲೆಕ್ಕ ಹಾಕಿದ ವಿವರಗಳನ್ನು ಯಂತ್ರ ಕೈಬಿಡುತ್ತದೆ. ಗೆಳೆಯರಿಗೆ ಕಳಿಸುವಾಗ ಇನ್ನಷ್ಟು ಬಿಡುತ್ತದೆ. ಏನು ಹೋಯಿತು, ಏನು ಉಳಿಯಿತು ಎಂದು ಯಾರೂ ಕೇಳುವುದಿಲ್ಲ, ಯಂತ್ರವೂ ಹೇಳುವುದಿಲ್ಲ. ನಾಲ್ಕು ದಶಕಗಳ ಹಿಂದೆ ಓಕಿಮೇಟ್‌ನ ಮುಂದೆ ಕಾಯುತ್ತಿದ್ದವರಿಗೆ ತಮ್ಮ ಚಿತ್ರ ಎಲ್ಲಿ ಎಷ್ಟು ಕಳೆದುಕೊಂಡಿತು ಎಂಬುದು ಗೊತ್ತಿರುತ್ತಿತ್ತು. ಹಣೆಯ ಬೊಟ್ಟು ಮಾಸಿದ್ದರೆ ಅವರು ತಟ್ಟೆಯ ಬಣ್ಣ ಬದಲಿಸಿ ಮತ್ತೊಮ್ಮೆ ಅಚ್ಚು ಹಾಕುತ್ತಿದ್ದರು.